ಮಾಯದ ಹುಣ್ಣು, ಮರೆತ ಕಲೆ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಕೂಡಿದ್ದ ಪಾಲಕರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಉತ್ಸವದ ದಿನ ರೋಗದ ಮಾತೇಕೆಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಾನು ಇಂದು ಹೇಳಬೇಕೆಂದಿರುವ ರೋಗಕ್ಕೂ ಶಾಲೆಗೂ ಒಂದು ಸಂಬಂಧವುಂಟು. ಈ ರೋಗದ ಬೀಜ ಬಹಳ ಸಲ ಬೀಳುವುದು ಬಾಲ್ಯದಲ್ಲಿ. ಅದು ಮೊಳೆಯುವುದು ಮೂವತ್ತು ನಾಲ್ವತ್ತು ವರ್ಷಗಳ ಅನಂತರ. ನಡುವಿನ ಈ ದೀರ್ಘಕಾಲದಲ್ಲಿ ಗಾಯವನ್ನು ಕಂಡ ತಾಯಿತಂದೆಗಳು ಮುದುಕರಾಗಿರುತ್ತಾರೆ, ಔಷಧ ಕೊಟ್ಟ ವೈದ್ಯನು ಮರೆತಿರುತ್ತಾನೆ, ಗಾಯಗೊಂಡವನಿಗೂ ಅದು ಹಳೆಯ ಕತೆಯಾಗಿರುತ್ತದೆ. ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲದಿರುವುದೇ ಈ ರೋಗಕ್ಕೆ ದೊಡ್ಡ ಅನುಕೂಲ. ಆದುದರಿಂದ ಅದರ ವಿಷಯವನ್ನು ಎಳೆಯರ ಮುಂದೆಯೇ ಹೇಳಬೇಕು.

ಹಳೆಯ ಗಾಯದ ಕಲೆಯಲ್ಲಿ, ಅಥವಾ ವರ್ಷಗಟ್ಟಲೆ ಮಾಯದೆ ಉಳಿದ ಹುಣ್ಣಿನಲ್ಲಿ, ಹುಟ್ಟಿಕೊಳ್ಳುವ ಚರ್ಮದ ಕ್ಯಾನ್ಸರೇ ಆ ರೋಗ. ನಮ್ಮ ಆಯುರ್ವೇದದವರು ಅರ್ಬುದವೆಂದೂ, ಹಳ್ಳಿಯವರು ಏಡಿಹುಣ್ಣೆಂದೂ ಕರೆಯುತ್ತ ಬಂದದ್ದನ್ನೇ ಇಂದು ಎಲ್ಲರೂ ಕ್ಯಾನ್ಸರ್ ಎನ್ನುತ್ತಾರೆ. ಹೆಸರು ಕೇಳಿದೊಡನೆ ಎದೆಗುಂದುವುದು ಬೇಡ. ಇದು ಕಣ್ಣಿಗೆ ಕಾಣುವ ಸ್ಥಳದಲ್ಲಿ, ಎಲ್ಲಿ ಬರಬಹುದೆಂದು ಮೊದಲೇ ತಿಳಿದಿರುವ ಸ್ಥಳದಲ್ಲಿ, ನಿಧಾನವಾಗಿ ಬರುವ ರೋಗ. ಹೊಟ್ಟೆಯೊಳಗೋ ಎದೆಯೊಳಗೋ ಅಡಗಿ ಬೆಳೆಯುವ ಕ್ಯಾನ್ಸರಿಗೆ ಹೋಲಿಸಿದರೆ ಇದನ್ನು ಹಿಡಿಯುವುದು ಸುಲಭ. ಹಾಗಿದ್ದೂ ಜನರು ಇದರಿಂದ ಕಾಲು ಕಳೆದುಕೊಳ್ಳುತ್ತಾರೆ, ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ. ಅದೇಕೆಂಬುದನ್ನು ವಿಚಾರಿಸೋಣ.

ಮೊದಲು ಗಾಯವು ಮಾಯುವ ಬಗೆಯನ್ನು ತಿಳಿಯಬೇಕು. ನಮ್ಮ ಚರ್ಮದಲ್ಲಿ ಎರಡು ಪದರಗಳುಂಟು. ಮೇಲಿನದು ತೆಳುವಾದ ಹೊರದೊಗಲು, ಕೆಳಗಿನದು ದಪ್ಪನಾದ ಒಳದೊಗಲು. ಹೊರದೊಗಲಿನ ತಳದಲ್ಲಿರುವ ಜೀವಕೋಶಗಳು ದಿನವೂ ಒಡೆದು ಎರಡಾಗಿ ಹೊಸ ಕೋಶಗಳನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ಮೇಲಿನವು ಸವೆದು ಉದುರುತ್ತಿರುತ್ತವೆ. ಚರ್ಮ ಹರಿದಾಗ ಗಾಯದ ಅಂಚಿನ ಕೋಶಗಳು ನಡುವಿನ ಕಡೆಗೆ ಸರಿಯುತ್ತ ಬಂದು ಒಂದನ್ನೊಂದು ಮುಟ್ಟಿದ ಕೂಡಲೆ ನಿಂತುಬಿಡುತ್ತವೆ. ಗಾಯ ತುಂಬಿತು, ಇನ್ನು ಕೆಲಸವಿಲ್ಲ ಎಂಬ ತಿಳಿವಳಿಕೆ ಅವಕ್ಕೆ ಹೇಗೋ ಉಂಟು. ಆರೋಗ್ಯವೆಂದರೆ ಬೆಳೆಯುವ ಶಕ್ತಿಯಷ್ಟೇ ಅಲ್ಲ, ನಿಲ್ಲುವ ಶಕ್ತಿಯೂ ಹೌದು.

ಬೆಂಕಿಯ ಗಾಯ ಆಳವಾಗಿದ್ದರೆ ಸಂಗತಿ ಬೇರೆಯಾಗುತ್ತದೆ. ಕೂದಲಿನ ಬೇರು, ಬೆವರಿನ ಗ್ರಂಥಿ ಇವುಗಳಲ್ಲಿ ಅಡಗಿರುವ ಕೋಶಗಳಿಂದಲೂ ಹೊಸ ಚರ್ಮ ಹುಟ್ಟಬಲ್ಲದು. ಆಳವಾಗಿ ಸುಟ್ಟಾಗ ಅವೂ ಹೋಗಿಬಿಡುತ್ತವೆ. ಆಗ ಶರೀರವು ಆ ತಗ್ಗನ್ನು ನಾರಿನಂಥ ಪದಾರ್ಥದಿಂದ ತುಂಬುತ್ತದೆ. ಇದೇ ಕಲೆ. ಹರಿದ ಬಟ್ಟೆಗೆ ಹಾಕಿದ ತೇಪೆಯಿದ್ದಂತೆ ಅದು ಕೆಲಸಕ್ಕೇನೋ ಬರುತ್ತದೆ. ಆದರೆ ಮೂಲದ ಬಟ್ಟೆಯಲ್ಲ. ಅದರಲ್ಲಿ ಕೂದಲಿಲ್ಲ, ಬೆವರಿಲ್ಲ, ಎಣ್ಣೆಯಿಲ್ಲ, ರಕ್ತನಾಳಗಳು ಕಡಿಮೆ. ಆದ್ದರಿಂದ ಒಣಗಿ ಬಿರಿಯುತ್ತದೆ. ಮೊಣಕಾಲಿನ ಹಿಂಬದಿ, ಮೊಣಕೈ, ಕಂಕುಳು ಮೊದಲಾದ ಮಡಿಚುವ ಸ್ಥಳಗಳಲ್ಲಿದ್ದರಂತೂ ನಡೆದಾಗ ಒಮ್ಮೆ, ಕೂತಾಗ ಒಮ್ಮೆ ಹಿಗ್ಗಿ ಹರಿಯುತ್ತದೆ. ಹರಿದದ್ದು ಮಾಯುತ್ತದೆ, ಮಾಯ್ದದ್ದು ಮತ್ತೆ ಹರಿಯುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ.

ಇಲ್ಲಿಯೇ ಅಪಾಯವಿದೆ. ಕೋಶವು ಒಡೆದು ಎರಡಾಗುವಾಗಲೆಲ್ಲ ತನ್ನೊಳಗಿರುವ ಆಜ್ಞಾಪತ್ರವನ್ನು ನಕಲು ಮಾಡಬೇಕಾಗುತ್ತದೆ. ಸಾವಿರಾರು ಸಲ ನಕಲು ಮಾಡುವ ಗುಮಾಸ್ತನ ಬರಹದಲ್ಲಿ ತಪ್ಪು ನುಸುಳುವಂತೆ ಇಲ್ಲಿಯೂ ನುಸುಳುತ್ತದೆ. ಮಾಯದ ಹುಣ್ಣಿನ ಅಂಚಿನಲ್ಲಿ ಕೋಶಗಳಿಗೆ ವಿಶ್ರಾಂತಿಯೇ ಇಲ್ಲ. ಮೇಲಾಗಿ ಕೀವು ಮತ್ತು ಉರಿಯೂತಗಳ ಕಾಟ. ಕೊನೆಗೊಂದು ದಿನ ನಿಲ್ಲುವ ಆಜ್ಞೆಯನ್ನೇ ಮರೆತ ಕೋಶವೊಂದು ಹುಟ್ಟುತ್ತದೆ. ಸಾಮಾನ್ಯ ಚರ್ಮದಲ್ಲಿಯಾದರೆ ರಕ್ತದಲ್ಲಿ ಸುತ್ತುವ ಕಾವಲಿನ ಕೋಶಗಳು ಇಂಥ ದಾರಿತಪ್ಪಿದವನ್ನು ಗುರುತಿಸಿ ನಾಶಮಾಡುವುದುಂಟು. ಕಲೆಯ ಗಟ್ಟಿ ನಾರಿನಲ್ಲಿ ಕಾವಲುಗಾರರಿಗೆ ಹಾದಿ ಕಿರಿದು. ಹೀಗೆ ಅಲ್ಲಿ ಕಳ್ಳನಿಗೆ ಆಶ್ರಯ ದೊರೆತಂತಾಗುತ್ತದೆ.

ಆದರೆ ಕಾವಲುಗಾರನನ್ನು ಒಳಗೆ ಬಿಡದ ಆ ನಾರಿನ ಗೋಡೆಯೇ ಕಳ್ಳನನ್ನೂ ಕೆಲಕಾಲ ಹೊರಗೆ ಬಿಡುವುದಿಲ್ಲ. ರೋಗವು ಕಲೆಯೊಳಗೇ ಕೆಲವು ತಿಂಗಳು ಸುಳಿದಾಡುತ್ತಿರುತ್ತದೆ. ಇದು ನಮಗೆ ದೊರೆಯುವ ಅವಕಾಶ. ಗೋಡೆಯನ್ನು ದಾಟಿದ ಮೇಲೆ ಮಾತ್ರ ಅದು ಚರ್ಮದ ಇತರ ಕ್ಯಾನ್ಸರುಗಳಿಗಿಂತ ಹಠಮಾರಿಯಾಗಿ ವರ್ತಿಸುತ್ತದೆ. ತೊಡೆಸಂದಿನ ಅಥವಾ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ಸೇರಿ ಅಲ್ಲಿಂದ ಮುಂದಕ್ಕೆ ಹರಡುತ್ತದೆ.

ವೈದ್ಯರು ಇದನ್ನು ಮಾರ್ಜೊಲಿನನ ಹುಣ್ಣು ಎಂದು ಕರೆಯುತ್ತಾರೆ. ಝಾಂ ನಿಕೊಲಾ ಮಾರ್ಜೊಲಿನ್ ಎಂಬ ಫ್ರೆಂಚ್ ಶಸ್ತ್ರವೈದ್ಯನು 1828ರಲ್ಲಿ ಹಳೆಯ ಕಲೆಗಳ ಮೇಲೆ ನರುಲಿಯಂತೆ ಏಳುವ ಹುಣ್ಣುಗಳನ್ನು ವರ್ಣಿಸಿದನು. ಅವು ಕ್ಯಾನ್ಸರೆಂದು ಆತನು ಹೇಳಲಿಲ್ಲ. 1850ರಲ್ಲಿ ಡಬ್ಲಿನ್ ನಗರದ ರಾಬರ್ಟ್ ಸ್ಮಿತ್ ಎಂಬ ವೈದ್ಯನು ಇವಕ್ಕೆ ಮಾರ್ಜೊಲಿನನ ಹೆಸರನ್ನು ಸೇರಿಸಿ ಬರೆದನು. 1903ರಲ್ಲಿ ಅಮೆರಿಕೆಯ ಡಾಕಾಸ್ಟಾ ಎಂಬವನು ಮಾಯದ ಹುಣ್ಣುಗಳಲ್ಲಿ ಹುಟ್ಟುವ ಕ್ಯಾನ್ಸರಿಗೇ ಈ ಹೆಸರನ್ನು ಬಳಸಿದನು. ಅಂದಿನಿಂದ ಅದು ರೂಢಿಯಾಗಿದೆ. ಸುಟ್ಟಗಾಯದ ಕಲೆಗಳಲ್ಲಿ ನೂರಕ್ಕೆ ಒಂದೆರಡು ಈ ದಾರಿ ಹಿಡಿಯುತ್ತವೆಂದು ಗ್ರಂಥಗಳಲ್ಲಿ ಅಂದಾಜು ಮಾಡಿದ್ದಾರೆ. ಗಾಯಕ್ಕೂ ರೋಗಕ್ಕೂ ನಡುವಿನ ಅಂತರ ಸರಾಸರಿ ಸುಮಾರು ಮೂವತ್ತು ವರ್ಷ. ಅಪರೂಪಕ್ಕೆ ಒಂದೇ ವರ್ಷದೊಳಗೆ ಬಂದದ್ದೂ ಉಂಟು. ಎಳೆತನದಲ್ಲಿ ಸುಟ್ಟವರಲ್ಲಿ ಈ ಅಂತರ ಹೆಚ್ಚು, ಮುಪ್ಪಿನಲ್ಲಿ ಸುಟ್ಟವರಲ್ಲಿ ಕಡಿಮೆ.

ಸುಟ್ಟ ಕಲೆಯೊಂದೇ ಇದಕ್ಕೆ ಕಾರಣವಲ್ಲ. ಎಲುಬಿನೊಳಗೆ ಕೀವು ಕಟ್ಟಿ ವರ್ಷಗಟ್ಟಲೆ ಸೋರುತ್ತಿರುವ ತೂತು, ಕುಷ್ಠರೋಗದಿಂದ ಸ್ಪರ್ಶಜ್ಞಾನ ಹೋದ ಅಂಗಾಲಿನ ಹುಣ್ಣು, ಉಬ್ಬಿದ ರಕ್ತನಾಳಗಳಿರುವ ಕಾಲಿನ ವ್ರಣ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಇವೆಲ್ಲವುಗಳಲ್ಲಿಯೂ ಇದನ್ನು ಕಂಡಿದ್ದಾರೆ. ಹೆಚ್ಚಾಗಿ ಕಾಣುವುದು ಕಾಲುಗಳಲ್ಲಿ.

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಜನರು ಕಾಂಗಡಿ ಎಂಬ ಅಗ್ಗಿಷ್ಟಿಕೆಯನ್ನು ಇಟ್ಟುಕೊಳ್ಳುತ್ತಾರೆ. ಕೆಂಡ ತುಂಬಿದ ಮಣ್ಣಿನ ಕುಡಿಕೆ, ಅದರ ಸುತ್ತಲೂ ಹೆಣೆದ ಬುಟ್ಟಿ. ಫೆರನ್ ಎಂಬ ಅಗಲವಾದ ನಿಲುವಂಗಿಯೊಳಗೆ ಅದನ್ನು ಹೊಟ್ಟೆಗೂ ತೊಡೆಗೂ ತಾಗಿಸಿಕೊಂಡು ಕೂರುವುದು ಅಲ್ಲಿಯ ವಾಡಿಕೆ. ವರ್ಷಾನುವರ್ಷ ಆ ಕಾವು ತಗುಲಿ ಅಲ್ಲಿಯ ಚರ್ಮವು ಕಂದಿ, ಬಲೆಯಂತೆ ಗೆರೆಗೆರೆಯಾಗಿ, ಕೊನೆಗೆ ಕೆಲವರಲ್ಲಿ ಕ್ಯಾನ್ಸರಾಗುತ್ತದೆ. ಇದನ್ನು 1866ರಷ್ಟು ಹಿಂದೆಯೇ ಅಲ್ಲಿದ್ದ ಎಲ್ಮ್‌ಸ್ಲಿ ಎಂಬ ವೈದ್ಯನು ಬರೆದಿಟ್ಟನು. ಮುಂದೆ ಶ್ರೀನಗರದಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಅರ್ನೆಸ್ಟ್ ನೀವ್ ಎಂಬವನು 1923ರಲ್ಲಿ ವಿಸ್ತಾರವಾಗಿ ವಿವರಿಸಿದನು. ದಿನದಿನವೂ ಪ್ರೀತಿಯಿಂದ ಬಳಸುವ ವಸ್ತುವೇ ರೋಗಕ್ಕೆ ಕಾರಣವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕಾಶ್ಮೀರವು ದೂರವಾಯಿತೆಂದು ನೀವು ಹೇಳಬಹುದು. ಹಾಗಾದರೆ ಈ ಮಹಾರಾಷ್ಟ್ರದ್ದೇ ಮಾತನ್ನು ಕೇಳಿರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ಆರಂಭವಾಯಿತು. ಅಲ್ಲಿಯ ರೋಗಶಾಸ್ತ್ರಜ್ಞರಾದ ಡಾಕ್ಟರ್ ವಸಂತ ರಾಮಜಿ ಖಾನೋಲಕರರು ನಮ್ಮ ಜನರ ರೂಢಿಗಳಿಂದ ಬರುವ ಕ್ಯಾನ್ಸರುಗಳನ್ನು ಕುರಿತು 1945ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಧೋತರದ ಕ್ಯಾನ್ಸರಿನ ವಿಷಯವೂ ಇತ್ತು. ಸೊಂಟಕ್ಕೆ ಬಿಗಿಯಾಗಿ ಧೋತರವನ್ನು ಕಟ್ಟಿ, ಒಂದೇ ಸ್ಥಳ ದಶಕಗಟ್ಟಲೆ ಉಜ್ಜಿ, ಬೆವರಿ, ಬಣ್ಣಗೆಟ್ಟು, ಹುಣ್ಣಾಗಿ, ಕೊನೆಗೆ ಕ್ಯಾನ್ಸರಾಗುವ ಬಗೆಯದು. ಸೀರೆಯುಡುವ ತಾಯಂದಿರಲ್ಲಿಯೂ ಇದೇ ರೋಗ ಕಂಡುಬಂದಿದೆ. 2024ರಲ್ಲಿ ವರ್ಧಾ ಮತ್ತು ಬಿಹಾರದ ವೈದ್ಯರು ಕೂಡಿ ಇಂಥ ಇಬ್ಬರು ಸ್ತ್ರೀಯರ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬಾಕೆ ಎಪ್ಪತ್ತು ವರ್ಷದವಳು. ಒಂಬತ್ತು ಗಜದ ಸೀರೆಯ ಕೆಳಗೆ ಒಳಲಂಗದ ಲಾಡಿಯನ್ನು ಬಿಗಿದು ಕಟ್ಟುತ್ತಿದ್ದಳು. ಬಲಪಕ್ಕೆಯಲ್ಲಿ ಎದ್ದ ಹುಣ್ಣು ಹದಿನೆಂಟು ತಿಂಗಳಾದರೂ ಮಾಯ್ದಿರಲಿಲ್ಲ. ಇನ್ನೊಬ್ಬಳು ಅರುವತ್ತು ದಾಟಿದವಳು; ಒಳಲಂಗವಿಲ್ಲದೆ ಲುಗಡೆಯನ್ನೇ ಸೊಂಟಕ್ಕೆ ಬಿಗಿಯಾಗಿ ಸುತ್ತಿ ನಾಲ್ವತ್ತು ವರ್ಷ ಉಟ್ಟವಳು. ಅವಳ ಹುಣ್ಣಿಗೆ ಎರಡು ವರ್ಷ ವಯಸ್ಸಾಗಿತ್ತು. ರೋಗವು ಆಗಲೇ ತೊಡೆಸಂದಿನ ಗ್ರಂಥಿಯನ್ನು ಮುಟ್ಟಿತ್ತು.

ತಾಯಂದಿರೆ, ಸೀರೆಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಸೀರೆಯ ತಪ್ಪೇನೂ ಇಲ್ಲ. ತಪ್ಪಿರುವುದು ದಾರದಂಥ ಲಾಡಿಯಲ್ಲಿ ಮತ್ತು ಅದರ ಬಿಗಿತದಲ್ಲಿ. ಲಾಡಿಯ ಬದಲಿಗೆ ಅಗಲವಾದ ಪಟ್ಟಿ ಇರಲಿ. ಗಂಟು ದಿನವೂ ಒಂದೇ ಕಡೆಗೆ ಬೀಳದಿರಲಿ. ಮನೆಯಲ್ಲಿರುವಾಗ ಸಡಿಲಿಸಿಕೊಳ್ಳಿರಿ. ಬೇಸಗೆಯ ಬೆವರನ್ನು ತೊಳೆದು ಆ ಸ್ಥಳವನ್ನು ಒಣಗಿಸಿಕೊಳ್ಳಿರಿ. ಸೊಂಟದ ಸುತ್ತ ಚರ್ಮ ಬಿಳಿಚಿಯೋ ಕಪ್ಪಾಗಿಯೋ ದಪ್ಪನಾಗಿದ್ದರೆ ಅದು ಮೊದಲ ಎಚ್ಚರಿಕೆ. ಅಲ್ಲಿ ಹುಣ್ಣೆದ್ದರೆ ಬೆವರುಸಾಲೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು.

ಈಗ ಲಕ್ಷಣಗಳನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ಬರೆದುಕೊಂಡರೆ ಒಳ್ಳೆಯದು. ಹಳೆಯ ಕಲೆಯ ಮೇಲೆ ಹೊಸದಾಗಿ ಹುಣ್ಣೆದ್ದು ಒಂದು ತಿಂಗಳಾದರೂ ಮಾಯದಿರುವುದು. ಹಳೆಯ ಹುಣ್ಣು ಇದ್ದಕ್ಕಿದ್ದಂತೆ ದೊಡ್ಡದಾಗುವುದು. ಹುಣ್ಣಿನ ಅಂಚು ಗಟ್ಟಿಯಾಗಿ ಮೇಲಕ್ಕೆದ್ದು ಹೊರಕ್ಕೆ ಮಗುಚಿಕೊಳ್ಳುವುದು. ಹೂಕೋಸಿನಂತೆ ಮಾಂಸ ಬೆಳೆಯುವುದು. ಮುಟ್ಟಿದರೆ ರಕ್ತ ಬರುವುದು. ಸೋರುವಿಕೆ ಹೆಚ್ಚಿ ಮೊದಲಿಲ್ಲದ ದುರ್ವಾಸನೆ ಹುಟ್ಟುವುದು. ನೋವಿಲ್ಲದ ಸ್ಥಳದಲ್ಲಿ ನೋವು, ಕಡಿತ ಅಥವಾ ಉರಿತ ತೋರುವುದು. ತೊಡೆಸಂದಿನಲ್ಲಿಯೋ ಕಂಕುಳಿನಲ್ಲಿಯೋ ಗಂಟು ಕೈಗೆ ಸಿಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಬಾರದು. ಚಿಕಿತ್ಸೆ ನಡೆದಿದ್ದೂ ಮೂರು ತಿಂಗಳಲ್ಲಿ ಮಾಯದ ಹುಣ್ಣಿಗೆ ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ಕೇಳುವ ಅಧಿಕಾರ ನಿಮಗುಂಟು, ಸಂಕೋಚಪಡದೆ ಕೇಳಿರಿ.

ಬಯಾಪ್ಸಿಯೆಂದರೆ ಹುಣ್ಣಿನ ಅಂಚಿನಿಂದ ಸಣ್ಣ ಸಣ್ಣ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಒಂದು ಚೂರಿನಲ್ಲಿ ರೋಗ ಕಾಣದಿರಬಹುದಾದ್ದರಿಂದ ಹಲವು ಕಡೆಯಿಂದ ತೆಗೆಯುತ್ತಾರೆ. ಚೂರು ತೆಗೆದರೆ ರೋಗ ಕೆರಳುತ್ತದೆಂಬ ಮಾತು ಊರೂರಲ್ಲಿ ಇದೆ. ಅದು ನಿರಾಧಾರವಾದದ್ದು. ರೋಗವನ್ನು ಹರಡಿಸುವುದು ಪರೀಕ್ಷೆಯಲ್ಲ, ಪರೀಕ್ಷೆಗೆ ಹೋಗದೆ ಕಳೆದ ತಿಂಗಳುಗಳು. ಈ ರೋಗವು ಮುಟ್ಟುವುದರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರೋಗಿಗೆ ಬೇರೆ ತಟ್ಟೆ, ಬೇರೆ ಮೂಲೆ ಬೇಕಿಲ್ಲ.

ರೋಗ ನಿಶ್ಚಯವಾದರೆ ಮುಖ್ಯ ಚಿಕಿತ್ಸೆಯು ಶಸ್ತ್ರಚಿಕಿತ್ಸೆ. ಹುಣ್ಣನ್ನು ಅದರ ಸುತ್ತಲಿನ ಸುಮಾರು ಎರಡು ಸೆಂಟಿಮೀಟರಿನಷ್ಟು ಒಳ್ಳೆಯ ಚರ್ಮದೊಂದಿಗೆ ತೆಗೆದುಹಾಕಿ, ತೊಡೆಯಿಂದಲೋ ಬೇರೆಡೆಯಿಂದಲೋ ತಂದ ಚರ್ಮವನ್ನು ಅಲ್ಲಿ ಕಸಿಮಾಡುತ್ತಾರೆ. ಗ್ರಂಥಿಗಳಿಗೆ ಹೋಗಿದ್ದರೆ ಅವನ್ನೂ ತೆಗೆಯಬೇಕಾಗುತ್ತದೆ; ಕೆಲವರಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಎಲುಬಿನ ಆಳಕ್ಕೆ ಇಳಿದಿದ್ದರೆ ಕೈಯನ್ನೋ ಕಾಲನ್ನೋ ಕಡಿಯದೆ ಗತ್ಯಂತರವಿರುವುದಿಲ್ಲ. ಅಂಗೈಯಷ್ಟು ಚರ್ಮದ ಕಸಿಗೂ ಒಂದು ಕಾಲಿಗೂ ಇರುವ ಅಂತರ ಬಹಳ ಸಲ ಕೆಲವೇ ತಿಂಗಳುಗಳದ್ದು. ಇಂಥ ಚಿಕಿತ್ಸೆಗಾಗಿ ಎಲ್ಲರೂ ಮುಂಬಯಿಗೇ ಹೋಗಬೇಕಾಗಿಲ್ಲ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿಯೇ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆಯೆಂಬುದನ್ನು ನೆನಪಿನಲ್ಲಿಡಿರಿ.

ರೋಗವನ್ನು ಹಿಡಿಯುವುದಕ್ಕಿಂತಲೂ ತಡೆಯುವುದು ಮೇಲು. ಅದರ ಮೊದಲ ಪಾಠ ಅಡುಗೆಮನೆಯಲ್ಲಿದೆ. ಕುದಿಯುವ ನೀರಿನ ಪಾತ್ರೆ, ಸಾರಿನ ಬೋಗುಣಿ, ಚಿಮಣಿ, ದೀಪ ಇವು ಮಕ್ಕಳ ಕೈಗೆ ಎಟುಕದಿರಲಿ. ಮೈ ಸುಟ್ಟರೆ ಕೂಡಲೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಬೇಡ. ಹಲ್ಲಿನ ಪೇಸ್ಟು, ಮಸಿ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ಆಮೇಲೆ ಸ್ವಚ್ಛವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಆಳವಾದ ಸುಟ್ಟಗಾಯಕ್ಕೆ ಚರ್ಮದ ಕಸಿ ಮಾಡಿಸಿರೆಂದು ವೈದ್ಯರು ಹೇಳಿದಾಗ, ಹೇಗೂ ತಾನಾಗಿ ಮಾಯುತ್ತಿದೆಯಲ್ಲ ಎಂದು ಹಿಂದಕ್ಕೆ ಕರೆತರುವವರುಂಟು. ತಾನಾಗಿ ತಿಂಗಳುಗಟ್ಟಲೆ ಮಾಯ್ದ ಆ ಗಾಯವೇ ಕೀಲನ್ನು ಸೆಳೆದು ಹಿಡಿಯುತ್ತದೆ, ಮತ್ತೆ ಮತ್ತೆ ಹರಿಯುತ್ತದೆ. ಕಾಲದಲ್ಲಿ ಮಾಡಿದ ಕಸಿಯು ಕೈಕಾಲುಗಳನ್ನು ನೆಟ್ಟಗಿಡುವುದಲ್ಲದೆ ಮೂವತ್ತು ವರ್ಷಗಳ ಮುಂದಿನ ಈ ರೋಗದ ಭಯವನ್ನೂ ಬಹುಮಟ್ಟಿಗೆ ಕಳೆಯುತ್ತದೆ.

ಎರಡನೆಯದು, ಇರುವ ಕಲೆಯ ಪೋಷಣೆ. ಅದನ್ನು ಕೊಬ್ಬರಿ ಎಣ್ಣೆಯಂಥ ಜಿಡ್ಡಿನಿಂದ ಮೆತ್ತಗಿಡಬೇಕು, ಬಿಸಿಲಿನಿಂದ ಮರೆಮಾಡಬೇಕು, ಉಜ್ಜುವ ಬಟ್ಟೆ ಚಪ್ಪಲಿಗಳಿಂದ ಕಾಪಾಡಬೇಕು. ಮಧುಮೇಹವಿದ್ದವರು ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು. ಕುಷ್ಠಕ್ಕೆ ಸರಕಾರವು ಉಚಿತವಾಗಿ ಔಷಧ ಕೊಡುತ್ತದೆ. ಅದರಿಂದ ರೋಗ ಪೂರ್ಣವಾಗಿ ವಾಸಿಯಾಗುತ್ತದೆ. ವಾಸಿಯಾದ ಮೇಲೆಯೂ ಮರಗಟ್ಟಿದ ಕಾಲಿಗೆ ಮೆತ್ತನೆಯ ಪಾದರಕ್ಷೆ ಬೇಕು. ಮಾಯದ ಹುಣ್ಣಿಗೆ ಮೈಲುತುತ್ತ, ಕೇರಿನ ಎಣ್ಣೆ ಮುಂತಾದ ಸುಡುವ ವಸ್ತುಗಳನ್ನು ಹಚ್ಚುವುದೂ, ಬರೆ ಎಳೆಯುವುದೂ ಗಾಯದ ಮೇಲೆ ಗಾಯ ಮಾಡಿದಂತೆಯೇ ಸರಿ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಅದು ನಾಚಿಕೆಯನ್ನು ಬಿಡುವುದು. ಸುಟ್ಟ ಕಲೆಯುಳ್ಳ ಹೆಣ್ಣುಮಗಳಿಗೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ನಾವು ಚಿಕ್ಕಂದಿನಲ್ಲಿಯೇ ಕಲಿಸುತ್ತೇವೆ. ಮದುವೆಯ ಮಾತಿನಲ್ಲಿ ಮುಚ್ಚಿಡುತ್ತೇವೆ. ಗಂಡನ ಮನೆಯಲ್ಲಿ ಅವಳೂ ಮುಚ್ಚಿಡುತ್ತಾಳೆ. ಹೀಗೆ ಮುಚ್ಚಿಡುವುದೇ ಸ್ವಭಾವವಾದ ಮೇಲೆ, ನಾಲ್ವತ್ತನೆಯ ವಯಸ್ಸಿನಲ್ಲಿ ಅಲ್ಲಿ ಹುಣ್ಣೆದ್ದಾಗ ತೋರಿಸು ಎಂದರೆ ಅವಳು ಹೇಗೆ ತೋರಿಸಿಯಾಳು? ಯಾರಿಗೆ ತೋರಿಸಿಯಾಳು? ಶಾಲೆಯಲ್ಲಿ ಕಲೆಯನ್ನು ಕಂಡು ಅಡ್ಡಹೆಸರಿಡುವ ಹುಡುಗರು ಈ ಮಾತನ್ನು ಚೆನ್ನಾಗಿ ಕೇಳಿರಿ. ನೀವು ಇಂದು ನಗೆಯಾಡಿದರೆ ಅವನು ನಾಳೆಯಿಂದ ತೋಳನ್ನು ಮುಚ್ಚಿಕೊಂಡು ಬರುತ್ತಾನೆ. ಮುಚ್ಚಿದ್ದನ್ನು ಮುಂದೆ ಯಾವ ವೈದ್ಯನೂ ಕಾಣಲಾರನು. ಕಲೆಯು ಕಳಂಕವಲ್ಲ. ಆ ದೇಹವು ಒಂದು ದೊಡ್ಡ ಅಪಾಯವನ್ನು ಗೆದ್ದು ಬಂದಿತೆಂಬುದಕ್ಕೆ ಅದು ಸಾಕ್ಷಿ.

ವಿದ್ಯಾರ್ಥಿಗಳೆ, ನಿಮ್ಮಿಂದ ಇನ್ನೊಂದು ಕೆಲಸವಾಗಬೇಕು. ನಮ್ಮ ಈ ಗಡಿಭಾಗದಲ್ಲಿ ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ಮರಾಠಿ, ಚೀಟಿಯ ಮೇಲಿನ ಬರಹ ಇಂಗ್ಲಿಷು. ಅಜ್ಜಿಗೆ ತನ್ನ ನೋವನ್ನು ಹೇಳಲು ಬರುವುದು ಕನ್ನಡವೊಂದರಲ್ಲಿಯೇ. ಉರಿತವೋ ಕಡಿತವೋ ಸೆಳೆತವೋ ಎಂಬುದನ್ನು ಅವಳು ಬಿಡಿಸಿ ಹೇಳಬಲ್ಲಳು. ಅತ್ತ ಕಡೆಯವರಿಗೆ ಅದು ತಿಳಿಯದೆ ಹೋಗಬಹುದು. ಮೂರು ಭಾಷೆಗಳನ್ನೂ ಕಲಿಯುತ್ತಿರುವ ನೀವು ಅವಳ ಜೊತೆಗೆ ಹೋಗಿರಿ. ಹುಣ್ಣು ಎಂದು ಎದ್ದಿತು, ಆ ಸ್ಥಳದಲ್ಲಿ ಹಿಂದೆ ಯಾವ ಗಾಯವಿತ್ತು, ಅದಾಗಿ ಎಷ್ಟು ವರ್ಷವಾಯಿತು, ಈಚೆಗೆ ಏನು ಬದಲಾಯಿತು, ಈ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿರಿ. ಹಳೆಯ ಗಾಯದ ವಿಷಯವನ್ನು ಕೇಳದಿದ್ದರೂ ಹೇಳಿರಿ. ರೋಗವನ್ನು ಗುರುತಿಸಲು ಅರ್ಧ ಸಹಾಯ ಆ ಒಂದು ಮಾತಿನಿಂದ ಆಗುತ್ತದೆ.

ಪ್ರತಿಯೊಂದು ಕಲೆಯನ್ನೂ ಕಂಡು ಹೆದರುತ್ತ ಕೂರಬೇಕೆಂದು ನನ್ನ ಅಭಿಪ್ರಾಯವಲ್ಲ. ಆಟದಲ್ಲಿ ಬಿದ್ದ ಮೊಣಕಾಲಿನ ಗುರುತು, ಚುಚ್ಚುಮದ್ದಿನ ಗುರುತು ಇವು ನಿಮ್ಮೊಂದಿಗೆ ಸುಖವಾಗಿ ಮುದುಕಾಗುತ್ತವೆ. ದೊಡ್ಡ ಸುಟ್ಟ ಕಲೆಗಳಲ್ಲಿಯೂ ನೂರಕ್ಕೆ ತೊಂಬತ್ತೆಂಟರಷ್ಟು ಈ ರೋಗದ ದಾರಿಯನ್ನು ಹಿಡಿಯುವುದಿಲ್ಲ. ಕಲೆ ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಅದು ಬದಲಾದರೆ ಮಾತ್ರ ಸುಮ್ಮನಿರಬೇಡಿರಿ. ಇಷ್ಟನ್ನು ಮನೆಗೆ ಒಯ್ದು ಹಿರಿಯರಿಗೆ ಹೇಳಿದರೆ, ಮಾತನಾಡಲು ಅವಕಾಶವಿತ್ತ ಈ ಸಂಸ್ಥೆಯ ಋಣದಲ್ಲಿ ಒಂದಿಷ್ಟನ್ನಾದರೂ ನಾನು ತೀರಿಸಿದಂತಾಗುತ್ತದೆ.